ತೊಟ್ಟಿಲ ಹಾಗೆ ತೂಗಿದ ಕಾರು

ಮನೆಯವರನ್ನು ಕೂರಿಸಿಕೊಂಡು ಘಾಟಿ ಇಳಿಯುವ ಮೊದಲು ಒಮ್ಮೆ ತೋರಿಸೋಣವೆಂದು ಅನಂತಯ್ಯ ತಮ್ಮ ಹಳೆಯ ಕಾರನ್ನು ಗ್ಯಾರೇಜಿಗೆ ತಂದರು. ಮುಂದಿನ ಚಕ್ರದ ಬಳಿಯಿದ್ದ ಶಾಕ್ ಅಬ್ಸಾರ್ಬರಿಗೆ ನಡುಕ ಹುಟ್ಟಿತು. ಅದರೊಳಗಿನ ಎಣ್ಣೆ ಸೋರಿ ತಿಂಗಳಾಗಿತ್ತು. ಸೋರಿದ ಕಲೆಯನ್ನು ರಸ್ತೆಯ ಧೂಳು ಮುಚ್ಚಿತ್ತು.

ಅದು ಪಕ್ಕದ ಸ್ಪ್ರಿಂಗನ್ನು ಬೇಡಿಕೊಂಡಿತು: "ಅಣ್ಣ, ಮೆಕ್ಯಾನಿಕ್ ಬಂದು ಗಾಡಿಯ ಮೂಲೆ ಅದುಮುತ್ತಾನೆ. ನೀನು ಒಂದೇ ಸಲ ಎದ್ದು ಸುಮ್ಮನಾಗು. ಇಲ್ಲದಿದ್ದರೆ ನನ್ನನ್ನು ಗುಜರಿಗೆ ಹಾಕುತ್ತಾರೆ."

"ಏಳುವುದು ನನ್ನ ಗುಣ, ನಿಲ್ಲಿಸುವುದು ನಿನ್ನ ಕೆಲಸ. ಆದರೂ ಉಸಿರು ಬಿಗಿಹಿಡಿದು ನೋಡುತ್ತೇನೆ," ಎಂದಿತು ಸ್ಪ್ರಿಂಗು.

ಮೆಕ್ಯಾನಿಕ್ ಲಾರೆನ್ಸ್ ಬಾನೆಟ್ಟಿನ ಮೂಲೆಯನ್ನು ಎರಡೂ ಕೈಯಿಂದ ಅದುಮಿ ಬಿಟ್ಟ. ಕಾರು ಎದ್ದಿತು, ಇಳಿಯಿತು. ಸ್ಪ್ರಿಂಗು ಹಲ್ಲು ಕಚ್ಚಿತು. ಆದರೂ ಕಾರು ಮತ್ತೆ ಎದ್ದು ಇಳಿಯಿತು, ಮೂರನೆಯ ಸಲವೂ ಎದ್ದಿತು.

ಅನಂತಯ್ಯ ಹಿಗ್ಗಿದರು. "ನೋಡಿದೆಯಾ ಲಾರೆನ್ಸ್, ಇಷ್ಟು ವರ್ಷವಾದರೂ ತೊಟ್ಟಿಲ ಹಾಗೆ ತೂಗುತ್ತೆ."

ಶಾಕ್ ಅಬ್ಸಾರ್ಬರಿಗೆ ಹೋದ ಜೀವ ಬಂದಂತಾಯಿತು.

"ತೊಟ್ಟಿಲು ತೂಗಬೇಕು ಸಾರ್, ಗಾಡಿ ನಿಲ್ಲಬೇಕು. ಘಾಟಿಯ ತಿರುವಿನಲ್ಲಿ ಹೀಗೆ ಕುಣಿದರೆ ಚಕ್ರ ನೆಲ ಬಿಡುತ್ತೆ," ಎಂದ ಲಾರೆನ್ಸ್, ಬಗ್ಗಿ ಧೂಳನ್ನು ಬೆರಳಿನಿಂದ ಒರೆಸಿದ. ಬೆರಳು ಎಣ್ಣೆಯಾಯಿತು. ಅವನು ಸ್ಪ್ಯಾನರ್ ಕೈಗೆತ್ತಿಕೊಂಡ.

ಕಳಚಿ ನೆಲಕ್ಕೆ ಬಿದ್ದ ಶಾಕ್ ಅಬ್ಸಾರ್ಬರು, "ಇಷ್ಟು ವರ್ಷ ಜೊತೆಗಿದ್ದು ಕೊನೆಗೆ ನನ್ನನ್ನು ಹಿಡಿದುಕೊಟ್ಟೆಯಲ್ಲ," ಎಂದಿತು.

"ನಾನು ನಿನ್ನನ್ನು ಹಿಡಿದುಕೊಡಲಿಲ್ಲ ತಮ್ಮ," ಎಂದಿತು ಸ್ಪ್ರಿಂಗು. "ನೀನು ನನ್ನನ್ನು ಹಿಡಿಯಲಿಲ್ಲ."