ಇಬ್ಬರೂ ಎದುರು ನಿಂತರೆ ಮಾತ್ರ

"ಗುರುಗಳೇ, ಹೊರದೇಶಕ್ಕೆ ಹೋಗುವವನು ಹಣವನ್ನು ಎಲ್ಲಿ ಇಟ್ಟುಕೊಂಡರೆ ಕ್ಷೇಮ?" ಎಂದು ಶಿಷ್ಯ ಮುರಿಗೆಪ್ಪ ಕೇಳಿದ.

ಅವನು ತನ್ನ ಭಾವಮೈದುನನ ಜೊತೆ ನೇಪಾಳಕ್ಕೆ ಯಾತ್ರೆ ಹೊರಟಿದ್ದ. ಬೆಳಗಿನಿಂದ ಐದನೆಯ ಸಲ ಕೇಳುತ್ತಿದ್ದ ಪ್ರಶ್ನೆ ಇದು. ಸೊಂಟಕ್ಕೆ ಕಟ್ಟುವ ಚೀಲ ಸಾಕೋ, ಒಳಜೇಬು ಹೊಲಿಸಲೋ, ಎರಡು ಕಾರ್ಡು ಒಯ್ಯಲೋ ಎಂದು ಕೇಳಿ ಕೇಳಿ ಗುರುಗಳ ತಲೆ ಚಿಟ್ಟು ಹಿಡಿಸಿದ್ದ.

"ಎಲ್ಲಿಟ್ಟರೂ ಆದೀತು, ಹೋಗಿ ಬಾರಯ್ಯ."

"ಹಾಗಲ್ಲ ಗುರುಗಳೇ. ನನ್ನ ಭಾವಮೈದುನನ ಕೈ ಸ್ವಲ್ಪ ಧಾರಾಳ. ಅವನಿಗೂ ಗೊತ್ತಾಗದ ಹಾಗೆ ಇಡಬೇಕು."

ಗುರುಗಳು ಓದುತ್ತಿದ್ದ ಪುಸ್ತಕವನ್ನು ಪಟ್ಟನೆ ಮುಚ್ಚಿದರು. "ಶಿವನೇ! ಕೂತುಕೋ ಇಲ್ಲಿ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಒಬ್ಬ ವ್ಯಾಪಾರಿ ತಮ್ಮನೊಂದಿಗೆ ಹಡಗು ಹತ್ತಿ ಪರದೇಶಕ್ಕೆ ಹೊರಟ. ನಾಣ್ಯ ಹೊತ್ತುಕೊಂಡು ಹೋಗುವುದು ಅಪಾಯವೆಂದು ಊರಿನ ಸಾಹುಕಾರನಲ್ಲಿ ಹಣ ಕಟ್ಟಿ ಹುಂಡಿ ಕಾಗದ ಬರೆಸಿಕೊಂಡ. ಆಚೆ ದಡದ ಸಾಹುಕಾರನಿಗೆ ಆ ಕಾಗದ ತೋರಿಸಿದರೆ ಅಷ್ಟೇ ಹಣ ಅಲ್ಲಿ ಕೈಗೆ ಬರುತ್ತದೆ. ಒಳ್ಳೆಯ ಏರ್ಪಾಡು. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಬಿಡಬೇಕಲ್ಲ! ತಲೆಯೊಳಗೆ ಹುಳ ಹೊಕ್ಕಿತು. ತಾನು ಮೈಮರೆತಾಗ ತಮ್ಮ ಕಾಗದ ಎಗರಿಸಿ ಹಣ ಎತ್ತಿಕೊಂಡರೆ? 'ಅಣ್ಣ ತಮ್ಮ ಇಬ್ಬರೂ ಎದುರು ನಿಂತರೆ ಮಾತ್ರ ಹಣ ಕೊಡತಕ್ಕದ್ದು' ಎಂದು ಕಾಗದದಲ್ಲಿ ಬರೆಸಿದ. ತಾನೆಂಥ ಜಾಣ ಎಂದು ದಾರಿಯುದ್ದಕ್ಕೂ ಹಿಗ್ಗಿದ. ತಮ್ಮನಿಗೆ ಎಲ್ಲ ಗೊತ್ತಿತ್ತು. ಪಾಪ!

ಬಂದರು ಮುಟ್ಟುವ ಹೊತ್ತಿಗೆ ತಮ್ಮನಿಗೆ ಜ್ವರ ಕೆಂಡದ ಹಾಗೆ ಏರಿತ್ತು. ಆ ಊರಿನವರು ಜ್ವರದವರನ್ನು ಒಳಗೆ ಬಿಡುತ್ತಿರಲಿಲ್ಲ. ಎದುರಿನ ನಡುಗಡ್ಡೆಯಲ್ಲಿ ಇಳಿಸುತ್ತಿದ್ದರು. ಅಲ್ಲಿಗೆ ವೈದ್ಯನ ದೋಣಿ ಹೋಗಬೇಕಾದರೆ ಮೊದಲು ಹಣ ಕಟ್ಟಬೇಕು. ವ್ಯಾಪಾರಿ ಕಾಗದ ಹಿಡಿದು ಸಾಹುಕಾರನ ಅಂಗಡಿಗೆ ಓಡಿದ.

"ನಿಮ್ಮ ತಮ್ಮ ಎಲ್ಲಿ?" ಎಂದ ಸಾಹುಕಾರ.

"ನಡುಗಡ್ಡೆಯಲ್ಲಿ ಸಾಯುತ್ತಿದ್ದಾನೆ. ಬೇಗ ಹಣ ಕೊಡಿ, ನಿಮ್ಮ ಕಾಲಿಗೆ ಬೀಳುತ್ತೇನೆ."

"ಇಬ್ಬರೂ ನಿಂತರೆ ಮಾತ್ರ ಎಂದು ಬರೆದಿದೆಯಲ್ಲ! ಯಾರಿಗೆ ಹೆದರಿ ಹೀಗೆ ಬರೆಸಿದಿರಿ?"

"ತಮ್ಮನಿಗೆ."

"ಈಗ ಹಣ ಯಾರಿಗೆ ಬೇಕು?"

"ತಮ್ಮನಿಗೆ," ಎಂದು ವ್ಯಾಪಾರಿ ಗೋಳೋ ಎಂದು ಅತ್ತ.

ಸಾಹುಕಾರ ಕೆಟ್ಟವನಲ್ಲ. ಆದರೆ ಬರೆದದ್ದನ್ನು ಮೀರಿದರೆ ನಾಳೆ ಅವನ ಮಾತನ್ನು ಯಾರೂ ನಂಬುವುದಿಲ್ಲ. ಊರಿನಿಂದ ಬೇರೆ ಕಾಗದ ತರಿಸಲು ಎರಡು ತಿಂಗಳು ಬೇಕು. ವ್ಯಾಪಾರಿ ಉಂಗುರ ಮಾರಿದ, ಕಡಗ ಮಾರಿದ, ಕೊನೆಗೆ ಹೊದ್ದ ಶಾಲನ್ನೂ ಮಾರಿದ. ಐದನೆಯ ದಿನ ವೈದ್ಯನ ದೋಣಿ ಹೊರಟಿತು. ತಮ್ಮ ನಾಲ್ಕನೆಯ ದಿನವೇ ತೀರಿಕೊಂಡಿದ್ದ. ಕಾಗದ ಮಾತ್ರ ಅಣ್ಣನ ಕಿಸೆಯಲ್ಲಿ ಭದ್ರವಾಗಿತ್ತು. ಯಾವ ಕಳ್ಳನೂ ಅದನ್ನು ಮುಟ್ಟಲಿಲ್ಲ.

ಕತೆ ಮುಗಿಯಿತು. ಮುರಿಗೆಪ್ಪ ಕಣ್ಣೊರೆಸಿಕೊಂಡ.

"ತಿಳಿಯಿತು ಗುರುಗಳೇ. ಅಂಥ ಷರತ್ತು ಹಾಕಬಾರದು. ಎಲ್ಲ ಹಣವನ್ನೂ ನನ್ನ ಮೈಮೇಲೇ ಅಡಗಿಸಿಕೊಂಡು, ಎಲ್ಲಿದೆಯೆಂದು ಯಾರಿಗೂ ಹೇಳದಿದ್ದರಾಯಿತು. ಭಾವಮೈದುನನಿಗೆ ಜ್ವರ ಬಂತೆನ್ನಿ, ಆ ಕ್ಷಣವೇ ತೆಗೆದು ಕೊಡುತ್ತೇನೆ."

ಗುರುಗಳು ಹಣೆ ಚಚ್ಚಿಕೊಂಡರು.

"ಜ್ವರ ನಿನಗೇ ಬಂದರೆ?"