ಜಗ್ಗಿ ನೋಡಿದ ಗೂಡು

ಹಾದುಹೋಗುವ ಹಕ್ಕಿಗಳೆಲ್ಲ ನೋಡಲೆಂದು ಒಂದು ಗಂಡು ಗೀಜಗ ಹೆದ್ದಾರಿಯ ಕರೆಂಟು ತಂತಿಗೇ ಗೂಡು ನೇಯತೊಡಗಿತು. "ಭೇಷ್!" ಎಂದವು ಗಿಳಿಗಳು. "ಇಂಥ ಗೂಡು ಎಲ್ಲೂ ಕಂಡಿಲ್ಲ," ಎಂದವು ಮೈನಾಗಳು. ಒಂದಾದರೂ ರೆಕ್ಕೆ ಮಡಚಿ ಕೂರಲಿಲ್ಲ. ಗೀಜಗ ಹೊಗಳಿಕೆಗೆ ಕಿವಿಗೊಟ್ಟು ಕೂತೇ ಇತ್ತು. ಅರ್ಧ ನೇಯ್ದ ಹುಲ್ಲು ಒಣಗಿತು, ಮೊಟ್ಟೆಯಿಡುವ ಕಾಲ ಜಾರುತ್ತಿತ್ತು.

ಒಂದು ದಿನ ಮೊಟ್ಟೆಯಿಡಲು ಗೂಡು ಹುಡುಕುತ್ತಿದ್ದ ಹೆಣ್ಣು ಗೀಜಗವೊಂದು ಬಂದು, ಗೂಡಿಗೆ ಜೋತುಬಿದ್ದು ಎಳೆಯೊಂದನ್ನು ಜಗ್ಗಿತು. ಎಳೆ ಕಿತ್ತುಬಂತು.

"ಊರೆಲ್ಲ ಮೆಚ್ಚಿದ ಗೂಡಿಗೆ ಕೊಕ್ಕು ಹಾಕುತ್ತೀಯಾ?" ಗಂಡು ಸಿಡುಕಿತು.

"ಮೆಚ್ಚಿದವರು ಹಾರಿಹೋದರು. ಮರಿ ಕಟ್ಟಿಕೊಂಡು ಇದರಲ್ಲಿ ಇರಬೇಕಾದವಳು ನಾನು. ಗಂಟು ಸಡಿಲವಾಗಿದೆ," ಎಂದು ಹೆಣ್ಣು ಹಾರಿಹೋಯಿತು.

ಗಂಡು ಇನ್ನೊಂದು ಗಂಟನ್ನು ತಾನೇ ಜಗ್ಗಿ ನೋಡಿತು. ಅದೂ ಬಿಚ್ಚಿಕೊಂಡಿತು.

ಮರುದಿನ ಅದು ಹಸಿ ಹುಲ್ಲು ಕಚ್ಚಿಕೊಂಡು, ಬಾವಿಯ ಪಕ್ಕದಲ್ಲಿ ಆ ಹೆಣ್ಣು ಕೂರುವ ಜಾಲಿಮರಕ್ಕೆ ಹೋಯಿತು. ಒಂದು ಗಂಟು ಹಾಕಿ, "ಜಗ್ಗಿ ನೋಡು," ಎಂದಿತು. ಹೆಣ್ಣು ಜಗ್ಗಿತು. ಬಿಚ್ಚಿದ್ದನ್ನು ಗಂಡು ಮತ್ತೆ ಬಿಗಿಯಿತು. ಹೀಗೆಯೇ ಗೂಡು ಬೆಳೆಯಿತು.

"ಎಲ್ಲಿ ಮರೆಯಾದೆ ಗೀಜಗಣ್ಣ? ನಿನ್ನ ಗೂಡೇ ಕಾಣುತ್ತಿಲ್ಲವಲ್ಲ!" ಎಂದು ಗಿಳಿಗಳು ಮೇಲಿಂದ ಕೂಗಿದವು.

ಗಂಡಿನ ಕೊಕ್ಕಿನ ತುಂಬ ಹುಲ್ಲಿತ್ತು. ಗೂಡಿನ ಒಳಗಿನಿಂದ ಹೆಣ್ಣು ಹೇಳಿತು: "ಎಷ್ಟು ಜಗ್ಗಿದರೂ ಎಳೆ ಕಿತ್ತುಬರುತ್ತಿಲ್ಲ. ಇನ್ನು ಬಾಗಿಲು ನೇಯಿ."