ಉಪ್ಪಾಗರದವನ ಗಂಜಿ

"ನಾಳೆಯಿಂದ ನಿನ್ನ ಗಂಜಿಗೆ ಉಪ್ಪು ಹಾಕ್ಕೊ."

ಸೋಮಿ ಗಂಡ ಹಮ್ಮಣ್ಣನಿಗೆ ಹೇಳಿದ ಕೊನೆಯ ಮಾತು ಇದು. ಹೇಳಿ ಗೋಡೆಯ ಕಡೆ ಹೊರಳಿದಳು. ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕೆಲವು ವಾರ ಕಳೆದ ಮೇಲೆ ಹಮ್ಮಣ್ಣ ಆ ಮಾತನ್ನು ಹೊತ್ತುಕೊಂಡು ಮಠದ ಗುರುಗಳ ಹತ್ತಿರ ಹೋದ. ನಮಸ್ಕಾರ ಮಾಡಿ ಕೂತ. ಆಮೇಲೆ ಕೇಳಿದ.

"ಸ್ವಾಮಿ, ಅವಳೇನೋ ಹಾಕ್ಕೊ ಅಂದಳು. ನನಗೆ ಕೈ ಬರುವುದಿಲ್ಲ. ಅವಳ ಬಾಯಿಗೆ ಇಲ್ಲದ್ದು ನನ್ನ ಬಾಯಿಗೆ ಯಾಕೆ? ಹಾಕಿಕೊಳ್ಳಲೋ, ಬಿಡಲೋ?"

ಗುರುಗಳು ಜಗಲಿಯ ಮೇಲೆ ಕೂತು ಮುರುಗಲು ಹಣ್ಣು ಸೀಳುತ್ತಿದ್ದರು. ಸಿಪ್ಪೆ ಒಂದು ಕಡೆ, ಬೀಜ ಒಂದು ಕಡೆ. ಕೈ ನಿಲ್ಲಿಸಲಿಲ್ಲ. ಮೊದಲಿಂದ ಹೇಳು ಅಂದರು.

ಹಮ್ಮಣ್ಣ ಓದಿದವನಲ್ಲ. ಅಮಾವಾಸ್ಯೆಗೊಮ್ಮೆ ಬಂದು ಮಠದ ಅಂಗಳ ಗುಡಿಸಿ ಹೋಗುವುದೇ ಅವನ ಶಿಷ್ಯತನ. ಮಾತು ಕೂಡಿಸಿ ಹೇಳಲು ಅವನಿಗೆ ಹೊತ್ತು ಹಿಡಿಯಿತು.

ಅವನ ಕೆಲಸ ಉಪ್ಪಾಗರದಲ್ಲಿ. ಭರತದಲ್ಲಿ ಸಮುದ್ರ ಉಕ್ಕುವ ಹೊತ್ತಿಗೆ ತೂಬು ಎತ್ತಿ ಉಪ್ಪುನೀರು ಒಳಗೆ ಬಿಡಬೇಕು. ಪಾತಿಯಿಂದ ಪಾತಿಗೆ ಹಾಯಿಸಬೇಕು. ಬಿಸಿಲಿಗೆ ನೀರು ಆರಿ ಉಪ್ಪು ಕೂತ ಮೇಲೆ ಹಲಗೆಯಿಂದ ಎಳೆದು ರಾಶಿ ಹಾಕಬೇಕು. ಅವನ ಅಪ್ಪನೂ ಇದನ್ನೇ ಮಾಡಿದ್ದ. ಕೈ ಕಾಲು ಒಡೆದು, ಒಡೆದ ಸೀಳಿನಲ್ಲೆಲ್ಲ ಉಪ್ಪು.

ಅಂಥವನ ಹೆಂಡತಿಗೆ ಉಪ್ಪು ವಿಷವಾಯಿತು. ಮೊದಲು ಪಾದ ಊದಿತು. ಆಮೇಲೆ ಮುಖ. ಆಸ್ಪತ್ರೆಯ ಡಾಕ್ಟರು ಮೂತ್ರಪಿಂಡ ಸೋತಿದೆ ಅಂದರು. ಗುಣವಾಗುವ ಕಾಯಿಲೆ ಅಲ್ಲ, ಹತೋಟಿಯಲ್ಲಿ ಇಟ್ಟುಕೊಂಡು ಬದುಕಬೇಕು, ಉಪ್ಪು ಪೂರ್ತಿ ಬಿಡಬೇಕು ಅಂದರು.

ಆ ದಿನ ಮನೆಗೆ ಬಂದವಳೇ ಸೋಮಿ ಉಪ್ಪಿನ ಮರಿಗೆಯನ್ನು ಎತ್ತಿ ಪಕ್ಕದ ಮನೆಗೆ ಕೊಟ್ಟುಬಿಟ್ಟಳು. ಉಪ್ಪಾಗರದವನ ಮನೆಯಲ್ಲಿ ಉಪ್ಪಿಲ್ಲ ಎಂದು ಕೇರಿಯವರು ನಕ್ಕರು. ಅವಳೂ ನಕ್ಕಳು. ಹಮ್ಮಣ್ಣ ನಗಲಿಲ್ಲ. ಅಂದಿನಿಂದ ಬೆಳಗಿನ ಗಂಜಿ, ರಾತ್ರಿಯ ಅನ್ನ ಎರಡನ್ನೂ ಅವಳ ಜೊತೆ ಸಪ್ಪೆಯೇ ಉಂಡ. ಅವಳೊಬ್ಬಳೇ ಸಪ್ಪೆ ಉಣ್ಣಬಾರದು ಅಂತ. ನಿನಗೇನು ಧಾಡಿ, ನೀನು ಹಾಕ್ಕೊ ಎಂದು ಅವಳು ಬಹಳ ಸಲ ಜಗಳ ತೆಗೆದಳು. ಅವನು ಕೇಳಲಿಲ್ಲ.

ಕಾಯಿಲೆಗೆ ಅವಳು ಬಾಡಿಗೆಯವನು ಅಂತ ಹೆಸರಿಟ್ಟಿದ್ದಳು. ಒಳಗೆ ಬಂದು ಕೂತಿದ್ದಾನೆ, ಬಿಡಿಸಲು ಆಗುವುದಿಲ್ಲ, ಒಂದೊಂದು ದಿನ ಮಲಗಿರುತ್ತಾನೆ ಅನ್ನುವಳು. ಅವನು ಮಲಗಿದ ದಿನ ತಲೆಗೆ ಎಣ್ಣೆ ಹಾಕಿಕೊಳ್ಳುವಳು. ಹೊಸಿಲ ಮೇಲೆ ಕೂತು ಕೊಕ್ಕರೆ ಬರುವುದನ್ನು ನೋಡುವಳು. ಬಸಳೆಯ ಬಳ್ಳಿಗೆ ಕೋಲು ಕೊಡುವಳು. ಅವನು ಎದ್ದ ದಿನ ಇವಳು ಮಲಗಿಯೇ ಇರುವಳು. ಆಗಲೂ ಕಿಟಕಿ ತೆಗೆದಿಡು ಅನ್ನುವಳು.

ಸಪ್ಪೆ ಊಟದಲ್ಲಿಯೇ ಅವಳು ಒಂದಿಷ್ಟು ರುಚಿ ಹುಡುಕಿಕೊಂಡಳು. ಹುರುಳಿಗೆ ಹುರುಳಿಯದೇ ಒಂದು ಸಿಹಿ ಇದೆ ಅಂದಳು. ಕೆಂಪಕ್ಕಿ ಗಂಜಿ ಆರುವಾಗ ಮೇಲೆ ಕೆನೆ ಕಟ್ಟುತ್ತದಲ್ಲ, ಅದನ್ನು ಬೆರಳಿನಿಂದ ಎತ್ತಿ ಮೊದಲು ತಿನ್ನುವಳು. ಉಪ್ಪು ಇದ್ದಾಗ ಇದೆಲ್ಲ ಗೊತ್ತೇ ಆಗಿರಲಿಲ್ಲ ನೋಡು ಅನ್ನುವಳು.

"ಮಧ್ಯಾಹ್ನ?" ಗುರುಗಳು ಕೇಳಿದರು.

ಹಮ್ಮಣ್ಣ ತಲೆ ತಗ್ಗಿಸಿದ. ಮಧ್ಯಾಹ್ನದ ಊಟ ಉಪ್ಪಾಗರದಲ್ಲಿ, ಗೊಯ್ದ ಮೊದಲಾದ ಜೊತೆಯವರ ಸಂಗಡ. ಅಲ್ಲಿ ಉಪ್ಪು ಉಣ್ಣುತ್ತಿದ್ದ. ಬಿಸಿಲಿನಲ್ಲಿ ಹಲಗೆ ಎಳೆಯುವವನಿಗೆ ಉಪ್ಪು ಉಣ್ಣದೆ ಆಗುವುದಿಲ್ಲ. ಗಂಜಿ, ಸುಟ್ಟ ಒಣಮೀನು, ಮಾವಿನಮಿಡಿ. ಮೊದಮೊದಲು ಅವಳ ಹತ್ತಿರ ಅದನ್ನು ಮುಚ್ಚಿಟ್ಟ. ಅಲ್ಲಿಯೂ ಸಪ್ಪೆಯೇ ಅಂದ. ಒಂದು ಸಂಜೆ ಅವಳು ಅವನ ಕೈ ಹಿಡಿದು ಮೂಗಿನ ಹತ್ತಿರ ತಂದುಕೊಂಡಳು.

"ಬಾಯಿ ಒರೆಸಿಕೊಂಡು ಬಂದೆ, ಬೆರಳು ಹೇಳ್ತದೆ. ಮಿಡಿ ಯಾರ ಮನೆದು?"

ಗೊಯ್ದನ ಮನೆಯದು ಅಂದ. ಹುಳಿ ಹೇಗಿತ್ತು ಅಂದಳು. ಮಿಡಿ ಕಡಿದು ಗಂಜಿ ಕುಡಿದೆಯೋ, ಗಂಜಿ ಕುಡಿದು ಮಿಡಿ ಕಡಿದೆಯೋ ಅಂದಳು. ಅವನು ಹೇಳಿದ. ಅವಳು ಕಣ್ಣು ಮುಚ್ಚಿ ಕೇಳಿದಳು. ಗಂಟಲು ಒಮ್ಮೆ ನುಂಗಿತು. ಕಣ್ಣು ತೆರೆದು, ಸಾಕು, ಹೊಟ್ಟೆ ತುಂಬಿತು ಅಂದಳು.

ಅಲ್ಲಿಂದ ಮೇಲೆ ದಿನಾ ಸಂಜೆ ಅದೇ ಮಾತು. ಅವನು ಮಾತು ಕಡಿಮೆಯ ಆಳು. ಅವಳಿಗೋಸ್ಕರ ನಾಲಿಗೆಯ ಮೇಲೆ ಗಮನ ಇಟ್ಟು ಉಣ್ಣಲು ಕಲಿತ. ಚೆನ್ನಾಗಿತ್ತು ಅಂದರೆ ಅವಳು ಬಿಡುತ್ತಿರಲಿಲ್ಲ. ಚೆನ್ನಾಗಿತ್ತು ಅಂದರೆ ನನಗೇನು ಸಿಕ್ಕಿತು, ಬಡಿಸು ಸರಿಯಾಗಿ ಅನ್ನುವಳು. ಬರುವಾಗ ಪಾತಿಯಿಂದ ಒಂದು ದಪ್ಪ ಉಪ್ಪಿನ ಹರಳು ಆರಿಸಿ ತರಬೇಕು. ಅದನ್ನು ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದು ನೋಡುವಳು. ನಾಲಿಗೆಗೆ ಒಮ್ಮೆಯೂ ಮುಟ್ಟಿಸಲಿಲ್ಲ. ಹೊಸಿಲ ಪಕ್ಕದ ತೆಂಗಿನ ಚಿಪ್ಪಿನಲ್ಲಿ ಹಾಕಿಡುವಳು.

ಇಷ್ಟು ಹೇಳಿ ಹಮ್ಮಣ್ಣ ನಿಲ್ಲಿಸಿದ. ಗುರುಗಳು ಇನ್ನೊಂದು ಹಣ್ಣು ತೆಗೆದುಕೊಂಡರು.

"ಅವಳು ಹೋದ ಮೇಲೆ?"

ಹೋದ ಮೇಲೆ ಅವನು ಉಪ್ಪು ಪೂರ್ತಿ ಬಿಟ್ಟ. ಮನೆಯಲ್ಲಿಯೂ, ಉಪ್ಪಾಗರದಲ್ಲಿಯೂ. ಗೊಯ್ದ ಮಿಡಿ ಕೊಡಲು ಬಂದರೆ ಕೈ ಅಡ್ಡ ಹಿಡಿದ. ಅಷ್ಟು ವರ್ಷ ಅವಳು ಸಪ್ಪೆ ತಿಂದಳಲ್ಲ, ತಾನೂ ಉಳಿದದ್ದನ್ನು ಸಪ್ಪೆಯೇ ತಿಂದು ಮುಗಿಸುತ್ತೇನೆ ಎಂದು ಮನಸ್ಸಿನಲ್ಲಿ ಇತ್ತು. ಯಾರಿಗೂ ಹೇಳಲಿಲ್ಲ. ಬಿಸಿಲು ಏರಿತು. ಬೆವರು ಹರಿಯಿತು. ಮೊದಲು ಕಾಲಿನ ಮೀನಖಂಡ ಹಿಡಿದುಕೊಂಡಿತು. ಆಮೇಲೆ ತಲೆ ಸುತ್ತಿತು. ಒಂದು ದಿನ ಹಲಗೆ ಎಳೆಯುತ್ತಿದ್ದವನು ಪಾತಿಯ ಅಂಚಿನ ಮೇಲೆ ಬಿದ್ದುಬಿಟ್ಟ.

ಗೊಯ್ದ ಅವನನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ದ. ದಾರಿ ಉದ್ದಕ್ಕೂ ಬೈದ. ಊರಿಗೆಲ್ಲ ಉಪ್ಪು ಎಳೆದು ಹಾಕುವವನು ಉಪ್ಪಿಲ್ಲದೆ ಸತ್ತ ಅಂದರೆ ನಮ್ಮ ಮಾನ ಏನಾಗಬೇಕು ಮಾರಾಯ ಅಂದ. ಸೋಮಿಗೆ ಉಪ್ಪು ಬಿಡು ಅಂದಿದ್ದ ಡಾಕ್ಟರೇ ಇವನಿಗೆ ಉಪ್ಪು ತಿನ್ನು ಅಂದರು. ಹೀಗೇ ಇದ್ದು ಇನ್ನೊಮ್ಮೆ ಬಿದ್ದರೆ ಏಳುವ ಭರವಸೆ ಇಲ್ಲ ಅಂದರು.

"ಏಳದಿದ್ದರೆ ಏನಾಯಿತು ಅನ್ನಿಸುತ್ತದೆ ಸ್ವಾಮಿ," ಅಂದ ಹಮ್ಮಣ್ಣ. "ಆದರೆ ಅವಳು ಹೇಳಿದ ಮಾತೂ ಇದೆ. ಅದಕ್ಕೆ ಬಂದೆ."

ಗುರುಗಳು ತಿನ್ನು ಅನ್ನಲಿಲ್ಲ. ಬಿಡು ಅಂತಲೂ ಅನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ರೈತ ಇದ್ದ. ಅವನ ಹೆಂಡತಿಗೆ ಸೊಂಟದ ಕೆಳಗೆ ಸ್ವಾಧೀನ ತಪ್ಪಿತ್ತು. ಮಂಚವೇ ಅವಳ ಊರು. ರೈತ ಬೆಳಿಗ್ಗೆ ಹೊಲಕ್ಕೆ ಹೋಗುವನು, ಸಂಜೆ ಬರುವನು. ಎಲ್ಲರೂ ಹೊರಗೆ ಕಾಲು ತೊಳೆದು ಒಳಗೆ ಬರುತ್ತಾರೆ. ಅವನೂ ಹಾಗೇ ಬರುತ್ತಿದ್ದ. ಒಂದು ದಿನ ಹೆಂಡತಿ, ಕಾಲು ತೊಳೆಯದೆ ಹಾಗೇ ಒಳಗೆ ಬಾ ಅಂದಳು. ಮನೆ ಕೊಳೆಯಾಗುತ್ತದೆ ಅಂದ. ಗುಡಿಸುವವನು ನೀನೇ ತಾನೆ, ನನಗೇನು ಅಂದಳು.

ಅವನು ಮಂಚದ ಮೇಲೆ ಕೂತು ಕಾಲು ಚಾಚುವನು. ಅವಳು ಚಿಪ್ಪಿನ ಚೂರಿನಿಂದ ಅವನ ಪಾದದ ಮಣ್ಣು ಕೆರೆಯುವಳು. ಮಣ್ಣು ನೋಡಿ, ಇವತ್ತು ಮೇಲಿನ ಹೊಲಕ್ಕೆ ಹೋಗಿದ್ದೆ ಅನ್ನುವಳು. ಮೂಸಿ ನೋಡಿ, ಹಳ್ಳ ದಾಟಿದ್ದೀಯ ಅನ್ನುವಳು. ಹೀಗೆ ದಿನಕ್ಕೊಂದು ಸಲ ಅವಳು ಹೊಲಕ್ಕೆ ಹೋಗಿ ಬರುವಳು. ನೆರೆಯವರು ಆ ಮನೆಯ ನೆಲ ನೋಡಿ ಮೂಗು ಮುರಿದರು. ಅವರಿಬ್ಬರಿಗೆ ಅದರ ಪರಿವೆ ಇರಲಿಲ್ಲ.

ಹೆಂಡತಿ ತೀರಿಕೊಂಡಳು. ರೈತ ಮಂಚದ ಕಾಲುದೆಸೆಯಲ್ಲಿ ಕೂತ. ಅವಳು ಹೊರಗೆ ಕಾಲಿಡಲಿಲ್ಲ, ನಾನು ಯಾಕೆ ಇಡಲಿ ಅಂದ. ಬಿತ್ತುವ ಹದ ಬಂತು. ಏಳಲಿಲ್ಲ. ಹದ ಹೋಯಿತು. ಏಳಲಿಲ್ಲ.

ನೆರೆಮನೆಯ ಮುದುಕಿಯೊಬ್ಬಳು ಮಜ್ಜಿಗೆ ಕೊಡಲು ಬಂದಳು. ಬಂದವಳು ಮನೆಯ ಅವತಾರ ನೋಡಿ ಪೊರಕೆ ತೆಗೆದುಕೊಂಡಳು. ಗುಡಿಸುತ್ತ ಮಂಚದ ತಲೆದೆಸೆಗೆ ಹೋದಳು. ಅಲ್ಲಿ ಕಿಟಕಿಯ ಕೆಳಗೆ ಒಡೆದ ಮಡಕೆಯೊಂದು ಇತ್ತು. ಮಲಗಿದವಳ ಕೈಗೆ ಎಟಕುವಷ್ಟು ದೂರ. ಪಾದದಿಂದ ಕೆರೆದ ಮಣ್ಣನ್ನೆಲ್ಲ ಹೆಂಡತಿ ಅದರಲ್ಲಿ ತುಂಬಿದ್ದಳು. ಕುಡಿದು ಉಳಿದ ನೀರನ್ನು ಅದಕ್ಕೆ ಸುರಿಯುತ್ತಿದ್ದಳು. ಮಣ್ಣಿನ ಸಂಗಡ ಬಂದ ಬೀಜ ಮೊಳೆತು ಮಡಕೆಯಲ್ಲಿ ಒಂದು ರಾಗಿ ಪೈರು, ಒಂದು ತುಂಬೆ, ಗರಿಕೆ ಎದ್ದಿದ್ದವು.

ಮುದುಕಿ ಕೇಳಿದಳು, "ಎಲಾ, ನಿನ್ನ ಹೆಂಡತಿ ಇಲ್ಲೇ ಬೇಸಾಯ ಮಾಡಿದ್ದಾಳಲ್ಲೋ, ನಿನಗೆ ಗೊತ್ತಿತ್ತಾ?"

ರೈತ ಎದ್ದು ಬಂದು ನೋಡಿದ. ತುಂಬೆ ಬಾಡಿತ್ತು. ಪೈರಿನ ತುದಿ ಹಳದಿಯಾಗಿತ್ತು. ಬುಡದಲ್ಲಿ ಇನ್ನೂ ಹಸಿರು ಇತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿ ಬೆರಳಿಗೆ ಅಂಟಿದ ಬೀಜ ಕೊಡವಿದರು.

ಅಷ್ಟು ದಿನ ಆ ಮನೆಯಲ್ಲೇ ಇದ್ದವನಿಗೆ ಅದು ಕಾಣಲಿಲ್ಲವೇ ಎಂದು ಹಮ್ಮಣ್ಣ ಕೇಳಿದ. ಅವನು ಕಾಲುದೆಸೆಯಲ್ಲಿ ಕೂತಿದ್ದನಲ್ಲ ಅಂದರು ಗುರುಗಳು.

ಹಮ್ಮಣ್ಣ ಮತ್ತೆ ಕೇಳಿದ.

"ನೀರು ಹಾಕಿದನೇ?"

"ಮನೆಯಲ್ಲಿದ್ದ ಕೊಡ ಬರಿದಾಗಿತ್ತು. ಹೊರಗೆ ಹೋಗಬೇಕಾಯಿತು."

ಹಮ್ಮಣ್ಣ ಯೋಚಿಸಿದ. ಅವನ ಮುಖ ಸಡಿಲಾಗಲಿಲ್ಲ. ಅದು ಗಿಡ ಸ್ವಾಮಿ, ಬಾಡಿದ್ದು ಕಣ್ಣಿಗೆ ಕಾಣುತ್ತದೆ, ಆ ರೈತ ಪುಣ್ಯವಂತ ಅಂದ. ನನ್ನ ಮನೆಯಲ್ಲಿ ನನ್ನ ಕೈಯ ನೀರು ಕೇಳುವಂಥದ್ದು ಏನೂ ಉಳಿದಿಲ್ಲ ಅಂದ. ಏಳಲು ನೆಲಕ್ಕೆ ಕೈ ಊರಿದ.

ಗುರುಗಳು ಕತ್ತಿ ಕೆಳಗಿಟ್ಟರು.

"ದಿನಾ ಸಂಜೆ ನಿನ್ನ ಬಾಯಿಂದ ಉಣ್ಣುತ್ತಿದ್ದವಳು, ಹೋದ ಮೇಲೆ ಇಷ್ಟು ದಿನ ಏನು ಉಂಡಳು ಹಮ್ಮಣ್ಣಾ?"

ಊರಿದ ಕೈ ಊರಿದಂತೆಯೇ ಇತ್ತು. ಆಮೇಲೆ ಹಮ್ಮಣ್ಣ ಎದ್ದು ಮುರುಗಲು ಸಿಪ್ಪೆಯ ಮೊರವನ್ನು ಎತ್ತಿ ಬಿಸಿಲಿಗೆ ಇಟ್ಟ. ಅಂಗಳ ಗುಡಿಸಿದ. ಮನೆಗೆ ಹೋದ.

ಮರುದಿನ ಬೆಳಿಗ್ಗೆ ಗಂಜಿ ಬೇಯಿಸಿದ. ಆರಲು ಬಿಟ್ಟ. ಮೇಲೆ ಕಟ್ಟಿದ ಕೆನೆಯನ್ನು ಬೆರಳಿನಿಂದ ಎತ್ತಿ ಮೊದಲು ತಿಂದ. ಹೊಸಿಲ ಪಕ್ಕದ ಚಿಪ್ಪು ತಂದ. ಮಳೆಗಾಲ ಹತ್ತಿರ ಬಂದಿದ್ದರಿಂದ ಹರಳುಗಳು ನೀರೊಡೆದಿದ್ದವು. ಒಂದನ್ನು ಎತ್ತಿ ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದ. ನುರಿದು ಗಂಜಿಗೆ ಹಾಕಿದ. ಕದಡಿದ. ಹೊಸಿಲ ಮೇಲೆ, ಅವಳು ಕೂರುತ್ತಿದ್ದ ಜಾಗ ಬಿಟ್ಟು, ಪಕ್ಕದಲ್ಲಿ ಕೂತು ಒಂದು ಗುಟುಕು ಕುಡಿದ. ಕಣ್ಣು ಮುಚ್ಚಿಕೊಂಡ. ನಾಲಿಗೆಯ ಮೇಲೆ ಗಮನ ಇಟ್ಟ.

ಆಮೇಲೆ ಪಕ್ಕಕ್ಕೆ ತಿರುಗಿ, "ಉಪ್ಪು ಒಂದು ಚೂರು ಹೆಚ್ಚಾಯ್ತು," ಅಂದ.